ಆಲೂಗೆಡ್ಡೆ: ಒಲೆಯ ಮುಂದೆ ಕಲಿಯುವ ಮುಖ್ಯಾಂಶಗಳು

ತಾಂಡ್ಯ ಕೈಗಾರಿಕಾ ಪ್ರದೇಶದ ಬೆಳಗಿನ ಪಾಳಿಗೆ ಹೊರಡುವವರ ಊಟದ ಡಬ್ಬಿಗೆ ಚಪಾತಿ, ಆಲೂಗೆಡ್ಡೆ ಪಲ್ಯದಷ್ಟು ಒಗ್ಗುವ ಜೋಡಿ ಬೇರೆ ಇಲ್ಲ. ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಪರೀಕ್ಷೆಗೆ ಓದುತ್ತಿರುವವರಿಗೂ ಇದು ಕೈಗೆಟುಕುವ ಪಾಠ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪೌಷ್ಟಿಕತೆ, ಕೃಷಿ ಎಲ್ಲದರ ಪ್ರಶ್ನೆಗಳೂ ಈ ಗೆಡ್ಡೆಯೊಳಗಿವೆ.

ಗುರುತು

• ವೈಜ್ಞಾನಿಕ ಹೆಸರು ಸೊಲನಮ್ ಟ್ಯೂಬರೋಸಮ್, ಕುಟುಂಬ ಸೊಲನೇಸಿ. ಟೊಮೇಟೊ, ಬದನೆ, ಮೆಣಸಿನಕಾಯಿ ಇದೇ ಕುಟುಂಬದವು.
• ನಾವು ತಿನ್ನುವುದು ಬೇರನ್ನಲ್ಲ, ನೆಲದಡಿಯ ಮಾರ್ಪಟ್ಟ ಕಾಂಡವನ್ನು. ಗೆಡ್ಡೆಯ ಮೇಲಿನ ಕಣ್ಣುಗಳೇ ಕಾಂಡದ ಗೆಣ್ಣುಗಳು. ಗೆಣಸು ಮಾತ್ರ ಬೇರು. ಈ ಎರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಬಹಳ.
• 100 ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು 77 ಕಿಲೋಕ್ಯಾಲೊರಿ, 17 ಗ್ರಾಂ ಕಾರ್ಬೋಹೈಡ್ರೇಟ್, 2 ಗ್ರಾಂ ಪ್ರೋಟೀನ್. ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಪೊಟ್ಯಾಸಿಯಂ ಮತ್ತು ಸಿ ಜೀವಸತ್ವ ಗಮನಾರ್ಹ.

ಹಿನ್ನೆಲೆ

ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಭಾರತಕ್ಕೆ ತಂದವರು ಪೋರ್ಚುಗೀಸರು, 17ನೇ ಶತಮಾನದ ಆರಂಭದ ಹೊತ್ತಿಗೆ. ಹೀಗೆ ತಡವಾಗಿ ಬಂದ ತರಕಾರಿಯಾದ್ದರಿಂದ ನಮ್ಮ ಕಡೆಯ ಅನೇಕ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇದಕ್ಕೆ ಇವತ್ತಿಗೂ ಜಾಗವಿಲ್ಲ. ಉತ್ಪಾದನೆಯಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ದೇಶದೊಳಗೆ ಉತ್ತರ ಪ್ರದೇಶ ಮುಂದೆ. ಕರ್ನಾಟಕದಲ್ಲಿ ಹೆಸರಾದದ್ದು ಹಾಸನ. ಉತ್ತರದ ಬಯಲಿನಲ್ಲಿ ಇದು ಚಳಿಗಾಲದ ಬೆಳೆ, ಹಾಸನದಲ್ಲಿ ಮುಂಗಾರಿನದು. ಬಿತ್ತನೆ ಗೆಡ್ಡೆ ಪಂಜಾಬಿನಿಂದ ಬರುತ್ತದೆ, ಪರಿಚಿತ ತಳಿ ಕುಫ್ರಿ ಜ್ಯೋತಿ. ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ ಹೊಲಕ್ಕೆ ಹೊಲವನ್ನೇ ಸುಡುತ್ತದೆ. 1845ರಲ್ಲಿ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಶಿಮ್ಲಾದಲ್ಲಿದೆ (ಸ್ಥಾಪನೆ 1949, ಮೊದಲು ಪಟ್ನಾದಲ್ಲಿ). ವಿಶ್ವಸಂಸ್ಥೆ 2008ನ್ನು ಅಂತರರಾಷ್ಟ್ರೀಯ ಆಲೂಗೆಡ್ಡೆ ವರ್ಷವೆಂದು ಘೋಷಿಸಿತ್ತು. ಮೇ 30 ಅಂತರರಾಷ್ಟ್ರೀಯ ಆಲೂಗೆಡ್ಡೆ ದಿನ, ಮೊದಲ ಆಚರಣೆ 2024ರಲ್ಲಿ.

ಆರಿಸುವುದು, ಇಡುವುದು

• ಬಂಡಿಪಾಳ್ಯದ ಎಪಿಎಂಸಿಯಿಂದ ತಂದರೂ ಸಂತೆಯಲ್ಲಿ ಕೊಂಡರೂ ಗಟ್ಟಿಯಾದ, ಸುಕ್ಕಿಲ್ಲದ, ಹಸಿರು ಬಣ್ಣವಿಲ್ಲದ ಗೆಡ್ಡೆಯನ್ನೇ ಆರಿಸಿ.
• ಗಾಳಿಯಾಡುವ, ಕತ್ತಲಿನ ಮೂಲೆಯಲ್ಲಿ ಹರಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಕೊಳೆಯುತ್ತದೆ.
• ಕರಿಯಲು ಬೇಕಾದದ್ದನ್ನು ಫ್ರಿಜ್‌ನಲ್ಲಿ ಇಡಬೇಡಿ. ಹೆಚ್ಚು ತಂಪಿನಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಅಂಥ ಗೆಡ್ಡೆ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ.

ಹಸಿರು ಮತ್ತು ಮೊಳಕೆ: ಬಿಡಬಾರದ ಅಂಶ

ಬೆಳಕು ಬಿದ್ದ ಗೆಡ್ಡೆಯಲ್ಲಿ ಎರಡು ಬದಲಾವಣೆ ಒಟ್ಟಿಗೆ ನಡೆಯುತ್ತವೆ. ಒಂದು, ಪತ್ರಹರಿತ್ತು ಹುಟ್ಟಿ ಸಿಪ್ಪೆ ಹಸಿರಾಗುತ್ತದೆ, ಅದು ನಿರಪಾಯಕಾರಿ. ಇನ್ನೊಂದು, ಸೊಲನೈನ್ ಮತ್ತು ಚಕೋನೈನ್ ಎಂಬ ವಿಷಕಾರಿ ಗ್ಲೈಕೋಆಲ್ಕಲಾಯ್ಡ್‌ಗಳು ಹೆಚ್ಚುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಹಸಿರು ಬಣ್ಣ ಎಚ್ಚರಿಕೆಯ ಗುರುತು ಮಾತ್ರ, ವಿಷವೇ ಅದಲ್ಲ. ಪರೀಕ್ಷೆಯಲ್ಲಿ ತಿರುಗಿಸಿ ಕೇಳುವುದು ಇದನ್ನೇ. ಸಿಪ್ಪೆ, ಕಣ್ಣು, ಮೊಳಕೆಗಳಲ್ಲಿ ಇವು ಹೆಚ್ಚು. ಕುದಿಸಿದರೆ ಹೋಗುತ್ತವೆ ಎಂಬ ನಂಬಿಕೆ ತಪ್ಪು. ಕಹಿ ನಾಲಿಗೆಗೆ ಗೊತ್ತಾದರೆ ಅಲ್ಲಿಗೇ ನಿಲ್ಲಿಸಬೇಕು. ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು. ಗೆಡ್ಡೆ ಗಟ್ಟಿಯಾಗಿದ್ದು ಸಣ್ಣ ಮೊಳಕೆಯೊಂದೇ ಬಂದಿದ್ದರೆ ಕಣ್ಣಿನ ಸಮೇತ ಆಳವಾಗಿ ಕೆತ್ತಿ ಬಳಸಬಹುದು. ಹಸಿರು ಹರಡಿದ್ದರೆ, ಮೆತ್ತಗಾಗಿದ್ದರೆ, ಬೆಲೆ ನೋಡದೆ ಎಸೆಯಿರಿ.

ಬೇಯಿಸುವುದು

• ಸಿಪ್ಪೆ ಸಹಿತ ಇಡಿಯಾಗಿ ಬೇಯಿಸುವುದೇ ಸರಿ. ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು. ಸುಲಿದು, ಹೆಚ್ಚಿ, ನೆನೆಸಿಟ್ಟಷ್ಟೂ ನಷ್ಟ.
• ಕುಕ್ಕರ್ ಇಲ್ಲದಿದ್ದರೆ ತಣ್ಣೀರಿನಲ್ಲೇ ಹಾಕಿ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗಡೆ ಕರಗಿ, ನಡುವೆ ಹಸಿ ಉಳಿಯುತ್ತದೆ.
• ಸುಮಾರು 60–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಹೋಳಿನ ಮೇಲೆ ಅಯೋಡಿನ್ ಹನಿಸಿದರೆ ಕಡುನೀಲಿ: ಪಿಷ್ಟದ ಪರೀಕ್ಷೆ.
• ಹೆಚ್ಚಿಟ್ಟ ಹೋಳು ಕಂದಾಗಲು ಕಾರಣ ಪಾಲಿಫೀನಾಲ್ ಆಕ್ಸಿಡೇಸ್ ಕಿಣ್ವ ಮತ್ತು ಗಾಳಿಯ ಆಮ್ಲಜನಕ. ನೀರಿನಲ್ಲಿ ಮುಳುಗಿಸಿದರೆ ಗಾಳಿ ತಾಗದು, ಆದರೆ ಅಡುಗೆಗೆ ಸ್ವಲ್ಪ ಮುಂಚೆ ಸಾಕು.
• ಹುಳಿ ಮಾಡುವಾಗ ಹುಣಸೆರಸವನ್ನು ಹೋಳು ಬೆಂದ ಮೇಲೆಯೇ ಬಿಡಿ. ಆಮ್ಲವಿದ್ದರೆ ಜೀವಕೋಶ ಹಿಡಿದಿಡುವ ಪೆಕ್ಟಿನ್ ಬೇಗ ಸಡಿಲವಾಗದೆ ಹೋಳು ಬೇಯುವುದು ತಡವಾಗುತ್ತದೆ. ಅಡುಗೆಯವರ ಹಳೆಯ ರೂಢಿಗೆ ರಸಾಯನಶಾಸ್ತ್ರದ ಬೆಂಬಲವಿದೆ.

ಪಲ್ಯಕ್ಕೆ: ಅರ್ಧ ಕೆಜಿ ಗೆಡ್ಡೆ ಬೇಯಿಸಿ, ಬಿಸಿ ಆರಿದ ಮೇಲೆ ಸುಲಿದು ಕೈಯಲ್ಲೇ ಒರಟಾಗಿ ಹಿಸುಕಿ. ಮಿಕ್ಸಿಗೆ ಹಾಕಿದರೆ ಪಿಷ್ಟ ಒಡೆದು ಅಂಟಂಟಾಗುತ್ತದೆ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಉದ್ದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ. ಅದು ಮೆತ್ತಗಾದ ಮೇಲೆ ಅರಿಶಿನ, ಉಪ್ಪು, ಸ್ವಲ್ಪ ನೀರು, ಕೊನೆಗೆ ಗೆಡ್ಡೆ. ಒಲೆಯಿಂದ ಇಳಿಸಿ ನಿಂಬೆರಸ, ಕೊತ್ತಂಬರಿ. ಚಪಾತಿಗೂ ಸೈ, ಕೆಂಪು ಚಟ್ನಿ ಸವರಿದ ಮೈಸೂರು ಮಸಾಲೆ ದೋಸೆಗೂ ಸೈ.

ಕರಿಯುವುದು

• ಕರಿಯುವಾಗ, ಹುರಿಯುವಾಗ 120 ಡಿಗ್ರಿ ದಾಟಿದರೆ ಅಸ್ಪರಾಜಿನ್ ಎಂಬ ಅಮೈನೊ ಆಮ್ಲವೂ ಸಕ್ಕರೆಯೂ ಸೇರಿ ಅಕ್ರಿಲಮೈಡ್ ಉಂಟಾಗುತ್ತದೆ. ಆಹಾರದಲ್ಲಿ ಇದರ ಇರುವಿಕೆಯನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದರು. ಹೋಳನ್ನು 15–30 ನಿಮಿಷ ನೀರಿನಲ್ಲಿಟ್ಟು, ಒರೆಸಿ, ಹೊಂಬಣ್ಣಕ್ಕೆ ಇಳಿಸಿದರೆ ಪ್ರಮಾಣ ತಗ್ಗುತ್ತದೆ. ಇಲ್ಲಿ ಜೀವಸತ್ವದ ನಷ್ಟವನ್ನು ಒಪ್ಪಿಕೊಳ್ಳಬೇಕು.
• ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ಮೀರಬಾರದು, ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಿತಿ. ಮನೆಯಲ್ಲಿ ಅಳೆಯಲಾಗದು, ಎಣ್ಣೆ ಕಪ್ಪಾಗಿ, ನೊರೆ ಬಂದರೆ ಮತ್ತೆ ಬಳಸಬೇಡಿ.

ಡಬ್ಬಿಗೆ ತುಂಬುವವರಿಗೆ ಒಂದು ಮಾತು: ಬೆಂದ ಆಲೂಗೆಡ್ಡೆ ಬೇಗ ಹಳಸುವ ಪದಾರ್ಥ. ರಾತ್ರಿಯ ಪಲ್ಯವನ್ನು ಹೊರಗಿಟ್ಟು ಬೆಳಿಗ್ಗೆ ಕಳಿಸಬೇಡಿ. ಅಂದಂದೇ ಮಾಡಿ, ಹಬೆ ಆರಿದ ಮೇಲೆ ಮುಚ್ಚಳ ಹಾಕಿ, ಮಧ್ಯಾಹ್ನದ ಊಟಕ್ಕೇ ಖಾಲಿ ಮಾಡಲು ಹೇಳಿ.