ಚಿಕ್ಕ ಟ್ರಾಕ್ಟರಿಗೆ ದಿಮ್ಮಿ ಎಳೆಯುವ ವಿಂಚ್ ಜೋಡಿಸುವ ಕ್ರಮ

ಕೃಷ್ಣಾತೀರದ ತಂಗಡಗಿಯಂತಹ ಎರೆಭೂಮಿಯ ಗ್ರಾಮಗಳಲ್ಲಿ ಮಳೆಯಾದೊಡನೆ ಹೊಲಕ್ಕಿಳಿದ ಚಕ್ರಗಳು ಹೂತುಹೋಗುವುವು. ಬದುವಿನ ಜಾಲಿಯ ದಿಮ್ಮಿಯನ್ನು ತರುವುದಕ್ಕೆ ಟ್ರಾಕ್ಟರನ್ನು ಗಟ್ಟಿನೆಲದಲ್ಲಿಯೇ ನಿಲ್ಲಿಸಿ, ಉಕ್ಕಿನ ಹಗ್ಗವನ್ನು ಉರುಳೆಗೆ ಸುತ್ತುವ ವಿಂಚಿನಿಂದ ಸೆಳೆಯುವುದು ಲೇಸು.

ಟ್ರಾಕ್ಟರಿನ ಪಂಪು ನಿಮಿಷಕ್ಕೆ 20 ಲೀಟರು ಎಣ್ಣೆಯನ್ನು 150 ಬಾರ್ ಒತ್ತಡದಲ್ಲಿ ಕೊಟ್ಟರೆ 5 ಕಿಲೋವಾಟ್ ಶಕ್ತಿಯು ದೊರೆಯುವುದು. ಹಲ್ಲುಚಕ್ರಗಳಿಂದ ವೇಗವನ್ನು ತಗ್ಗಿಸಿದರೆ ಇಷ್ಟರಿಂದಲೇ ಒಂದು ಟನ್ನಿನ ಎಳೆತವನ್ನು ಪಡೆಯಬಹುದು. ಆದರೆ ಅಷ್ಟು ತೂಕವಿಲ್ಲದ ಟ್ರಾಕ್ಟರು ಅದಕ್ಕೆ ಮೊದಲೇ ಹಿಂದಕ್ಕೆ ಜಾರುವುದು. ಆದುದರಿಂದ ಎಳೆತದ ಮಿತಿಯು ಯಂತ್ರದ ಬಲವಲ್ಲ, ಟ್ರಾಕ್ಟರಿನ ತೂಕವೇ ಎಂದು ತಿಳಿಯತಕ್ಕದ್ದು.

ಹಗ್ಗವು ಹಿಂದಿನ ಅಚ್ಚಿಗಿಂತ ಎತ್ತರದಿಂದ ಎಳೆದರೆ ಮುಂದಿನ ಚಕ್ರಗಳು ಮೇಲೆದ್ದು, ಟ್ರಾಕ್ಟರು ಚಾಲಕನ ಮೇಲೆ ಮಗುಚಿ ಪ್ರಾಣಹಾನಿಯಾದೀತು. ಹಗ್ಗ ಹೊರಡುವ ರಾಟೆಯನ್ನು ಅಚ್ಚಿಗಿಂತ ಕೆಳಗೆ ಜೋಡಿಸಿ, ವಿಂಚಿನ ಚೌಕಟ್ಟಿನ ಉಕ್ಕಿನ ಹಲಗೆಯನ್ನು ನೆಲಕ್ಕೆ ಊರತಕ್ಕದ್ದು.

ಹೊರೆ ಮಿತಿಮೀರಿದಾಗ ಎಣ್ಣೆಯನ್ನು ತೊಟ್ಟಿಗೆ ಮರಳಿಸುವ ಕವಾಟವೊಂದಿರುವುದು. ದಿಮ್ಮಿಯು ಕದಲದೆಂದು ಅದನ್ನು ಬಿಗಿಮಾಡಕೂಡದು. ಹಗ್ಗವನ್ನು ದಿಮ್ಮಿಗೆ ಕಟ್ಟಿದ ರಾಟೆಯಲ್ಲಿ ಹಾಯಿಸಿ, ಅದರ ತುದಿಯನ್ನು ಟ್ರಾಕ್ಟರಿನ ಬದಿಯ ಬಲವಾದ ಮರದ ಬುಡಕ್ಕೆ ಕಟ್ಟಿದರೆ, ಟ್ರಾಕ್ಟರಿಗೆ ಹೊರೆ ಹೆಚ್ಚದೆ ದಿಮ್ಮಿಯ ಮೇಲಿನ ಎಳೆತವು ಸುಮಾರು ಇಮ್ಮಡಿಯಾಗುವುದು.

ಉರುಳೆಯ ಮೇಲೆ ಯಾವಾಗಲೂ ಕನಿಷ್ಠ ಮೂರು ಸುತ್ತು ಹಗ್ಗವು ಉಳಿದಿರಬೇಕು. ಬಿಗಿದ ಹಗ್ಗವು ಹರಿದರೆ ಚಾಟಿಯಂತೆ ಬೀಸುವುದು. ಗ್ರಾಮದ ಹಿರಿಯರು ಮಕ್ಕಳನ್ನೂ ನೋಡಬಂದವರನ್ನೂ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಿಸಿದ ಮೇಲೆಯೇ ಕೆಲಸವನ್ನು ಆರಂಭಿಸತಕ್ಕದ್ದು.