ಹಳೆ ಪಂಪ್‌ಸೆಟ್ ಮಾರುವ ಮುನ್ನ

ಜೊಯಿಡಾದ ಜಡಿಮಳೆಯಲ್ಲಿ ಹಳೆ ಪಂಪ್‌ಸೆಟ್ ಮಾರಲು ಹೊರಟರೆ ಗಿರಾಕಿ ಬಂದು ಚಹಾ ಕುಡಿದು ಹೋದಾನು, ದುಡ್ಡು ಬಿಚ್ಚಲಾರ. ಗ್ರೀಸ್ ಹಚ್ಚಿ ಅಟ್ಟದಲ್ಲಿಡಿ. ಮಾರ್ಚ್‌ನಲ್ಲಿ ಹಳ್ಳ ಬತ್ತಿ ತೋಟ ಬಾಡತೊಡಗಿದಾಗ ಅವನೇ ಹುಡುಕಿಕೊಂಡು ಬರುತ್ತಾನೆ. ಹಳಿಯಾಳದಲ್ಲಿ ಟ್ರ್ಯಾಕ್ಟರ್ ಟ್ರೇಲರಿನದೂ ಇದೇ ಲೆಕ್ಕ: ಕಬ್ಬು ಕಡಿಯುವ ಮೊದಲು ಕೇಳುವವರು ಹೆಚ್ಚು, ಹಂಗಾಮು ಮುಗಿದ ಮೇಲೆ ಊರಿನ ನಾಲ್ವರು ಒಟ್ಟಿಗೆ ಮಾರಲು ನಿಂತರೆ ಬೆಲೆ ಕುಸಿಯಿತೆಂದೇ ತಿಳಿಯಿರಿ. ಕೊಳ್ಳುವವರಾದರೆ ಆಗಲೇ ಹೋಗಿ.

ನೀವು ಹೊಸದರಲ್ಲಿ ಎಷ್ಟು ಕೊಟ್ಟಿರೆಂಬುದು ಗಿರಾಕಿಗೆ ಬೇಕಿಲ್ಲ. ದಾಂಡೇಲಿ, ಮುಂಡಗೋಡದಲ್ಲಿ ಅಂಥವು ಇನ್ನೆಷ್ಟು ಮಾರಾಟಕ್ಕಿವೆ ಎಂದಷ್ಟೇ ನೋಡುತ್ತಾನೆ. ನೀವೂ ವಿಚಾರಿಸಿ, ಆಮೇಲೆ ಬೆಲೆ ಹೇಳಿ. ಹಾಂ, ಹಳೆ ಸಾಗವಾನಿ ಮಂಚ ಕೊಳ್ಳುವುದಾದರೆ ರಸೀದಿ ಕೇಳಲು ಮರೆಯಬೇಡಿ. ನಮ್ಮದು ಕಾಡಿನ ಸೀಮೆ, ಮರ ಎಲ್ಲಿಂದ ಬಂತೆಂದು ಯಾರಾದರೂ ಕೇಳಿಯಾರು.