ಅತಿಥಿಗೂ ಕೆಲಸವುಂಟು

ಜಾರ್ಜಿಯಾದಲ್ಲಿ ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋದರೆ ಸಾಲದು, ನಾಲ್ಕು ಮಾತನ್ನೂ ಹೊಂದಿಸಿಕೊಂಡು ಹೋಗಬೇಕು. ಅಮೆರಿಕದ ಜಾರ್ಜಿಯಾ ಅಲ್ಲ. ಕಾಕಸಸ್ ಪರ್ವತದ ತೆಂಕಣಕ್ಕೆ, ಕಪ್ಪು ಸಮುದ್ರದ ಮೂಡಣಕ್ಕೆ ಇರುವ ಪುಟ್ಟ ದೇಶ. ನಮ್ಮ ಕಡೆಯ ಹುಡುಗ ಹುಡುಗಿಯರು ಡಾಕ್ಟರಿಕೆ ಓದಲು ಅಲ್ಲಿಗೆ ಹೋಗತೊಡಗಿದ ಮೇಲೆ ಟಿಬಿಲಿಸಿ ಎಂಬ ಅದರ ರಾಜಧಾನಿಯ ಹೆಸರು ಇಲ್ಲೂ ಕಿವಿಗೆ ಬೀಳುತ್ತಿದೆ. ನಾನು ಹೋದದ್ದು ಗೆಳೆಯನ ಮನೆಗೆ. ಜರ್ಮನಿಯಲ್ಲಿ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವನು, ಕಾಖೇತಿ ಪ್ರಾಂತ್ಯದ ತೆಲಾವಿ ಊರಿನ ಹತ್ತಿರದ ಹಳ್ಳಿಯವನು. ಪ್ರತಿ ವರ್ಷ ಕರೆಯುತ್ತಿದ್ದ. ಕೊನೆಗೊಮ್ಮೆ ದ್ರಾಕ್ಷಿ ಸುಗ್ಗಿಗೆ ಹೋದೆ.

ಹೊರಡುವ ಮುನ್ನ ಅವನು ಫೋನಿನಲ್ಲಿ ಹೇಳಿದ್ದು ಎರಡೇ ಸಂಗತಿ. ಅಮ್ಮನಿಗೆ ಹೂ ತರುವುದಾದರೆ ಬೆಸ ಸಂಖ್ಯೆಯಲ್ಲಿ ತಾ, ಸಮ ಸಂಖ್ಯೆಯ ಹೂ ಸತ್ತವರಿಗೆ. ಇನ್ನೊಂದು, ಕುಡಿಯುವುದಿಲ್ಲ ಎಂಬ ನಿನ್ನ ಮಾತನ್ನು ನಾನು ಮೊದಲೇ ಮುಟ್ಟಿಸಿರುತ್ತೇನೆ, ನೀನು ಊಟದ ನಡುವೆ ಹೇಳಬೇಡ, ನೆಪ ಅಂದುಕೊಳ್ಳುತ್ತಾರೆ. ಟಿಬಿಲಿಸಿಯಲ್ಲಿ ಏಳು ಗುಲಾಬಿ ಕೊಂಡೆ. ಧಾರವಾಡದಿಂದ ತಂದ ಪೇಡೆಯ ಡಬ್ಬಿಯಂತೂ ಇದ್ದೇ ಇತ್ತು. ಗೊಂಬೋರಿ ಘಾಟು ಹತ್ತಿ ಇಳಿದರೆ ಅಲಾಜಾನಿ ನದಿಯ ಬಯಲು, ಅದರಾಚೆ ಗೋಡೆಯ ಹಾಗೆ ಕಾಕಸಸ್. ದಾರಿಯ ವರ್ಣನೆ ಇಷ್ಟು ಸಾಕು; ಊಟದ ವಿಷಯ ದೊಡ್ಡದಿದೆ.

ಸುಪ್ರಾ ಎಂಬ ಆ ಔತಣದ ಮೇಜನ್ನು ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ. ತಟ್ಟೆಗಳಿಗೆ ಜಾಗ ಸಾಲದೆ ತಟ್ಟೆಯ ಅಂಚಿನ ಮೇಲೆ ತಟ್ಟೆ ಕೂತಿರುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಕೋಳಿ ಇದೆ, ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಸುಟ್ಟ ಮಾಂಸ ಇದೆ. ನನ್ನಂಥ ಸಸ್ಯಾಹಾರಿ ಉಪವಾಸ ಬೀಳಬೇಕಾದ ಜಾಗ ಎನ್ನಿಸಬಹುದು. ಹಾಗಿಲ್ಲ. ಅಲ್ಲಿಯ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರಿಗೆ ಮೊದಲಿನ ವಾರಗಳಲ್ಲೆಲ್ಲ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡುತ್ತಾರೆ. ಹೀಗಾಗಿ ವ್ರತದ ಅಡುಗೆ ಎಂಬ ದೊಡ್ಡ ಸಂಸಾರವೇ ಅಲ್ಲಿದೆ. ಹೋಟೆಲಿನಲ್ಲಿ ‘ಸಸ್ಯಾಹಾರ’ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತ ಕೂರುವ ಬದಲು ‘ಸಮಾರ್ಖ್ವೋ’ ಅಂದುಬಿಡಿ, ಕೆಲಸ ಆಗುತ್ತದೆ. ಕೊತ್ತಂಬರಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ರಾಜ್ಮಾದಂಥ ಲೋಬಿಯೊ, ಪಾಲಕ್ ಮತ್ತು ಬೀಟ್‌ರೂಟಿಗೆ ಅಕ್ರೋಟು ಅರೆದು ಕಲಸಿ ಉಂಡೆ ಕಟ್ಟಿದ ಪ್ಖಾಲಿ, ಜೊಂಜೋಲಿ ಎಂಬ ಮೊಗ್ಗಿನ ಉಪ್ಪಿನಕಾಯಿ. ಹುರಿದ ಬದನೆಯ ಹೋಳಿನೊಳಗೆ ಬೆಳ್ಳುಳ್ಳಿ, ಅಕ್ರೋಟಿನ ಮಸಾಲೆ ಸುತ್ತಿ ಮೇಲೆ ದಾಳಿಂಬೆ ಕಾಳು ಉದುರಿಸಿದ ಒಂದು ಪದಾರ್ಥವಂತೂ ನಮ್ಮ ಎಣ್ಣೆಗಾಯಿಯ ದೂರದ ಸೋದರ ಮಾವನ ಮಗನಂತೆ ಇತ್ತು. ಚೀಸ್ ತುಂಬಿದ ಖಚಾಪುರಿ ವ್ರತಕ್ಕೆ ಆಗುವುದಿಲ್ಲ, ನನಗೆ ಆಗುತ್ತಿತ್ತು. ಎರಡೂ ಕಡೆಯ ಲಾಭ ನನಗೇ.

ಆದರೆ ತಿನ್ನುವುದು ಅಲ್ಲಿ ಪಕ್ಕವಾದ್ಯ. ಮುಖ್ಯ ಕಛೇರಿ ತಮಾದಾನದು. ಪ್ರತಿ ಸುಪ್ರಾಕ್ಕೂ ಒಬ್ಬ ತಮಾದಾ ಇರುತ್ತಾನೆ. ಊಟ ಅವನ ಹತೋಟಿಯಲ್ಲಿ. ಒಂದಾದ ಮೇಲೊಂದು ಟೋಸ್ಟ್ ಹೇಳುವವನು ಅವನು. ಅವನು ಮಾತು ಮುಗಿಸಿ ‘ಗೌಮಾರ್ಜೋಸ್’ ಎಂದ ಮೇಲೆಯೇ ಉಳಿದವರ ಗ್ಲಾಸು ಬಾಯಿಗೆ. ನಡುನಡುವೆ ಮನಸ್ಸಿಗೆ ಬಂದಾಗ ಗುಟುಕರಿಸುವ ಹಾಗಿಲ್ಲ. ಬಿಯರ್ ಹಿಡಿದು ಟೋಸ್ಟ್ ಹೇಳುವುದೂ ಹಳೆಯ ಪದ್ಧತಿಯಲ್ಲಿಲ್ಲ, ಅದು ಆಗದವರಿಗೆ ಹೇಳುವ ಟೋಸ್ಟು. ಟಿಬಿಲಿಸಿಯ ಹಳೇ ಪೇಟೆಯ ಬೀದಿಯಲ್ಲಿ ಕೊಂಬಿನ ಪಾತ್ರೆ ಹಿಡಿದು ಕೂತ ತಮಾದಾನ ಕಂಚಿನ ಮೂರ್ತಿಯೊಂದಿದೆ. ವಾನಿ ಎಂಬಲ್ಲಿ ಅಗೆದಾಗ ಸಿಕ್ಕ, ಕ್ರಿಸ್ತನಿಗೆ ನೂರಾರು ವರ್ಷ ಮೊದಲಿನ ಪುಟ್ಟ ಗೊಂಬೆಯನ್ನು ದೊಡ್ಡದು ಮಾಡಿ ಎರಕ ಹೊಯ್ದದ್ದು.

ನಮ್ಮ ತಮಾದಾ ಗೆಳೆಯನ ಕಾಕಾ. ದೊಡ್ಡ ಹೊಟ್ಟೆ, ಸಣ್ಣ ದನಿ. ದ್ರಾಕ್ಷಿತೋಟವೇ ಅವನ ಬದುಕು. ಊಟಕ್ಕೆ ಮೊದಲು ಮರಾನಿಗೆ, ಅಂದರೆ ವೈನಿನ ಕೋಣೆಗೆ, ಕರೆದೊಯ್ದು ತೋರಿಸಿದ್ದ: ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಮಣ್ಣಿನ ಕ್ವೆವ್ರಿಗಳು, ಕೆಲವು ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ದೊಡ್ಡವು. ಕಾಖೇತಿಯ ಪದ್ಧತಿಯಲ್ಲಿ ರಸದ ಜೊತೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಅದರೊಳಗೆ ಬಿಟ್ಟು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. 2013ರಲ್ಲಿ ಯುನೆಸ್ಕೊ ಈ ವಿಧಾನವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಟಿಬಿಲಿಸಿಯ ದಕ್ಷಿಣದ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಗುರುತಿದೆ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಾಕಾ ಆ 8,000 ವರ್ಷವನ್ನು ತನ್ನ ಮುತ್ತಜ್ಜನ ಕಾಲ ಎಂಬಷ್ಟು ಸಲೀಸಾಗಿ ಹೇಳುತ್ತಿದ್ದ. ನನಗೆ ಆಗತಾನೆ ತುಳಿದು ತೆಗೆದ ದ್ರಾಕ್ಷಿ ರಸ ತುಂಬಿಕೊಟ್ಟ. ಹುಳಿ ಹಿಡಿಯದ ವೈನು ಅದು, ತಕರಾರು ಇಲ್ಲ. ಸುಗ್ಗಿಯಲ್ಲಿ ಹೋದುದರ ಅನುಕೂಲ.

ಮೊದಲ ಟೋಸ್ಟು ದೇವರಿಗೆ, ಶಾಂತಿಗೆ. ಆಮೇಲೆ ನಾಡಿಗೆ, ಬಂದ ಅತಿಥಿಗೆ, ತಂದೆತಾಯಿಗೆ. ಕ್ರಮ ಮನೆಯಿಂದ ಮನೆಗೆ ಬದಲಾಗುತ್ತದೆ. ಅತಿಥಿಯ ಟೋಸ್ಟಿನಲ್ಲಿ ಕಾಕಾ ಭಾರತಕ್ಕೆ ಬಂದ. ಹಿಂದಿ ಸಿನಿಮಾ ಹೇಳುತ್ತಾನೇನೋ ಅಂದುಕೊಂಡೆ, ಸೋವಿಯತ್ ಕಾಲದ ಹಿರಿಯರೆಲ್ಲ ‘ಸೀತಾ ಔರ್ ಗೀತಾ’ದಿಂದ ಶುರುಮಾಡುವುದು ವಾಡಿಕೆ. ಅವನು ತೆಗೆದದ್ದು ಕೇತೆವಾನಳ ಕಥೆ. ಕಾಖೇತಿಯದೇ ರಾಣಿ. ಮತ ಬಿಡಲಿಲ್ಲವೆಂದು 1624ರಲ್ಲಿ ಇರಾನಿನ ಶಿರಾಜಿನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯನ್ನು ಗೋವೆಗೆ ತಂದಿಟ್ಟರು. ಹಳೇ ಗೋವೆಯ ಪಾಳುಬಿದ್ದ ಇಗರ್ಜಿಯಲ್ಲಿ ಸಿಕ್ಕ ಎಲುಬನ್ನು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದರು. 2021ರ ಜುಲೈಯಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿದರು. ‘ನಮ್ಮ ರಾಣಿಯನ್ನು ಇಷ್ಟು ಕಾಲ ಜೋಪಾನ ಮಾಡಿದವರ ಮನೆಯ ಹುಡುಗ’ ಎಂದು ಕಾಕಾ ಗ್ಲಾಸೆತ್ತಿದ. ಧಾರವಾಡದಿಂದ ಹಳೇ ಗೋವೆಗೆ ಒಂದು ಹಗಲಿನ ದಾರಿ. ಆ ಇಗರ್ಜಿಯ ಮುರಿದ ಗೋಪುರದ ಕೆಳಗೆ ನಿಂತು ನಾನು ಫೋಟೊ ತೆಗೆಸಿಕೊಂಡವನು. ಅದನ್ನೇ ಹೇಳಿದೆ. ಮೇಜಿನ ಆ ತುದಿಯಲ್ಲಿದ್ದ ಮುದುಕನೊಬ್ಬ ಎದ್ದು ಬಂದು ನನ್ನ ತಲೆಗೆ ಮುತ್ತಿಟ್ಟ.

ಇದು ಸುಲಭದ ಮಾತು. ಕಷ್ಟದ್ದು ಆಮೇಲೆ ಬಂತು. ತಮಾದಾ ತನ್ನ ಮಾತು ಮುಗಿಸಿ ಯಾರನ್ನಾದರೂ ನೋಡಿ ‘ಅಲಾವೆರ್ದಿ’ ಎಂದರೆ ಅದೇ ವಿಷಯವನ್ನು ಅವರು ಮುಂದುವರಿಸಬೇಕು. ತೀರಿಹೋದವರ ಟೋಸ್ಟಿಗೆ ಎಲ್ಲರೂ ಎದ್ದು ನಿಂತರು. ಕೆಲವರು ರೊಟ್ಟಿಯ ಚೂರಿನ ಮೇಲೆ ಒಂದು ತೊಟ್ಟು ವೈನು ಹನಿಸಿದರು. ಕಾಕಾ ತನ್ನ ಅಣ್ಣನ ಬಗ್ಗೆ, ಅಂದರೆ ಗೆಳೆಯನ ಅಪ್ಪನ ಬಗ್ಗೆ ಮಾತಾಡಿ ನನ್ನತ್ತ ತಿರುಗಿ ಅಲಾವೆರ್ದಿ ಅಂದ.

ನಮ್ಮಲ್ಲಿ ಹೋದವರಿಗೆ ಮಾಡುವುದು ಬಹಳ. ಎಳ್ಳುನೀರು, ಪಿಂಡ, ಕಾಗೆಗೆ ಕಾಯುವುದು, ಅವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವುದು. ಮಂತ್ರವನ್ನು ಭಟ್ಟರು ಹೇಳುತ್ತಾರೆ. ಮಗನಾದವನು ತನ್ನ ಬಾಯಿಂದ, ತನ್ನ ಮಾತಿನಲ್ಲಿ, ನಮ್ಮಪ್ಪ ಹೀಗಿದ್ದ ಎಂದು ನಾಲ್ಕು ಜನರೆದುರು ಹೇಳಬೇಕಾದ ಗಳಿಗೆ ಆ ಇಡೀ ದಿನದಲ್ಲಿ ಎಲ್ಲೂ ಇಲ್ಲ. ಅಪ್ಪ ಗರಗದಲ್ಲಿ ಕನ್ನಡ ಸಾಲಿ ಮಾಸ್ತರ. ಮಳೆಗಾಲದಲ್ಲಿ ಸೈಕಲ್ ಕೆಸರಲ್ಲಿ ಸಿಕ್ಕರೆ ಹೆಗಲ ಮೇಲೆ ಹೊತ್ತು ಸಾಲಿಗೆ ಹೋದವನು. ಶುಕ್ರವಾರ ಸಂಜೆ ಪೇರಲಹಣ್ಣು ತರುತ್ತಿದ್ದ, ಅದರಲ್ಲಿ ಗಿಳಿ ಕಚ್ಚಿದ್ದನ್ನು ಹುಡುಕಿ ನನಗೆ ಕೊಡುತ್ತಿದ್ದ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಪರದೇಶದ ಅಂಗಳದಲ್ಲಿ ಜರ್ಮನ್ ಭಾಷೆಯಲ್ಲಿ ಹೇಳಿದೆ, ಗೆಳೆಯ ಅವರ ಮಾತಿಗೆ ತಂದ. ಯಾರೂ ಸಮಾಧಾನ ಮಾಡಲಿಲ್ಲ. ‘ಮಾಸ್ತರನಿಗೆ’ ಎಂದು ಗ್ಲಾಸು ಎತ್ತಿದರು, ಅಷ್ಟೇ. ಅದಾದ ಬೆನ್ನಿಗೇ ಬರುವುದು ಮಕ್ಕಳ ಟೋಸ್ಟು; ದುಃಖ ಮೇಜಿನ ಮೇಲೆ ಕೂತುಬಿಡಬಾರದೆಂದು ಆ ಕ್ರಮ. ಇಂಥ ಜಾಣತನ ಒಂದು ದಿನದಲ್ಲಿ ಹುಟ್ಟುವಂಥದ್ದಲ್ಲ.

ಎಲ್ಲವೂ ಮೆಚ್ಚಿಗೆಯಾಯಿತು ಅನ್ನಲಾರೆ. ಹೆಂಗಸರ ಟೋಸ್ಟನ್ನು ಗಂಡಸರು ಎದ್ದು ನಿಂತು ಬಲು ಸೊಗಸಾಗಿ ಹೇಳುವಾಗ ಹೆಂಗಸರು ಅಡುಗೆಮನೆಯಲ್ಲಿ ಖಚಾಪುರಿ ಬೇಯಿಸುತ್ತಿದ್ದರು. ನಮ್ಮಲ್ಲೂ ಹಾಗೇ, ನಾವು ಹೊಗಳುವುದೂ ಇಲ್ಲ, ಅದೊಂದೇ ವ್ಯತ್ಯಾಸ. ಗೆಳೆಯನ ತಾಯಿ ಬಾಗಿಲಲ್ಲಿ ಬಂದು ನಿಂತಾಗ ಕಾಕಾನೇ ಅಲಾವೆರ್ದಿ ಅಂದ. ಆಕೆ ಕೈ ಒರೆಸಿಕೊಂಡು ಗ್ಲಾಸು ಹಿಡಿದು ಒಂದೇ ಮಾತು ಹೇಳಿದರು: ‘ಈ ಹುಡುಗ ಊಟ ಮಾಡಿದನೋ ಇಲ್ಲವೋ ಎಂದು ದೂರದಲ್ಲಿ ಕೂತು ಯೋಚಿಸುತ್ತಿರುವ ಆ ತಾಯಿಗೆ.’ ಆ ರಾತ್ರಿಯ ದೊಡ್ಡ ದೊಡ್ಡ ಭಾಷಣಗಳೆಲ್ಲ ಇದರ ಮುಂದೆ ಸಪ್ಪೆ.

ಹಾಡು ಶುರುವಾದದ್ದು ಎಷ್ಟು ಹೊತ್ತಿಗೋ. ಮೂರು ದನಿ ಬೇರೆ ಬೇರೆ ದಾರಿ ಹಿಡಿದು ಹೋಗಿ ಒಂದೇ ಕಡೆ ಬಂದು ಸೇರುವ ಹಾಡುಗಾರಿಕೆ. ಕಾಖೇತಿಯ ‘ಚಾಕ್ರುಲೊ’ ಎಂಬ ಹಾಡು 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿದೆ ಎಂದು ಅವರಿಗೆ ಭಾರಿ ಹೆಮ್ಮೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಇದ್ದಾರೆ, ಅವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯವರೇ ಎಂದು ನಾನೂ ಬಿಡದೆ ಹೇಳಿದೆ. ಹಾಗಾದರೆ ಹಾಡು ಅಂದರು. ಕೇಳುವ ಕಿವಿ ಬೇರೆ, ಹಾಡುವ ಗಂಟಲು ಬೇರೆ ಎಂದು ಅವರಿಗೆ ತಿಳಿಸಿ ಹೇಳುವುದರಲ್ಲಿ ಸುಸ್ತಾಯಿತು.

ಮುಂದೆ ಗೆಳೆಯ ಧಾರವಾಡಕ್ಕೆ ಬಂದ. ಅವ್ವ ನೆಲದ ಮೇಲೆ ಎಲೆ ಹಾಕಿ, ಬಂಧುಬಳಗದವರನ್ನೆಲ್ಲ ಕರೆದು ಹಬ್ಬದೂಟ ಮಾಡಿಸಿದಳು. ನಮ್ಮ ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವ ಮುನ್ನ ಒಬ್ಬರು ಎದ್ದರೆ ಅದು ಅಪಚಾರ. ನಾನು ಅವನಿಗೆ ಬಲಗೈಯಲ್ಲಿ ಉಣ್ಣುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟಿದ್ದೆ, ಅದೊಂದನ್ನು ಬಿಟ್ಟು. ಕೋಸಂಬರಿ, ಬದನೆಕಾಯಿ ಪಲ್ಯ ಆಗುತ್ತಿದ್ದಂತೆ ಅವನು ಮಜ್ಜಿಗೆಯ ಲೋಟ ಹಿಡಿದು ಎದ್ದು ನಿಂತ. ಸಾಲಿಗೆ ಸಾಲೇ ಕೈ ನಿಲ್ಲಿಸಿತು.

‘ಯಾಕಪಾ, ಉಣ್ಣೂದು ಮುಗೀತೇನು?’ ಅವ್ವ ಹೋಳಿಗೆಯ ಬುಟ್ಟಿ ಹಿಡಿದು ಓಡಿ ಬಂದಳು. ‘ಏ, ಕೂಡಂತ ಹೇಳೋ ಅವಂಗ. ಹೋಳಿಗಿನ ಬಡಿಸಿಲ್ಲ ಇನ್ನಾ!’

‘ಅವ್ವಾ, ನಿನ್ನ ಬಗ್ಗೆ ಏನೋ ಮಾತಾಡತಾನಂತ.’

‘ನನ್ನ ಬಗ್ಗೆ ಮಾತಾಡೂದೇನೈತಿ? ತುಪ್ಪ ಆರಾಕ್ಹತ್ತೇತಿ, ಮೊದಲ ಕೂಡಸು.’

ಅವನು ಕೂಡಲಿಲ್ಲ. ಅವ್ವನೂ ಬುಟ್ಟಿ ಕೆಳಗಿಡಲಿಲ್ಲ. ಅವನು ಮಾತಾಡುತ್ತಲೇ ಇದ್ದ, ಅವಳು ಅವನ ಎಲೆಗೆ ಬಗ್ಗಿ ಒಂದರ ಮೇಲೊಂದು ಹೋಳಿಗೆ ಹಾಕುತ್ತಲೇ ಇದ್ದಳು.